ರುಚಿ ನೋಡುವವನ ಪರದೆ

“ಬಲ್ಲವನಿಗೆ ಸಾಧನ ಮಾಡಿಕೊಡುವಾಗ ಅವನು ಬೇಡವೆಂದದ್ದನ್ನೆಲ್ಲ ತೆಗೆದುಹಾಕುವುದು ಸರಿಯಲ್ಲವೇ?” ಎಂದು ಶಿಷ್ಯ ಕೇಳಿದ.

ಅವನ ಕಸುಬು ಅದೇ. ತಮ್ಮ ಕೆಲಸದಲ್ಲಿ ನುರಿತವರಿಗಾಗಿ ತಂತ್ರಾಂಶ ರೂಪಿಸುವುದು. ಗೆಳೆಯ ಭುಜಬಲಿಯ ಜೊತೆ ಸೇರಿ ಅದನ್ನು ಮಾಡುತ್ತಿದ್ದ. ಗುರುಗಳನ್ನು ಕಾಣಲೂ ಇಬ್ಬರು ಕೂಡಿಯೇ ಬರುತ್ತಿದ್ದರು. ಇವನು ಪ್ರಶ್ನೆ ಕೇಳಿದರೆ ಭುಜಬಲಿ ಆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತಿದ್ದ. ಈ ಸಲ ಶಿಷ್ಯ ಒಬ್ಬನೇ ಬಂದಿದ್ದ.

“ಈಗ ಕೆಲಸ ಬೇಗ ಸಾಗುತ್ತಿದೆ. ಆದರೂ ನಿಮ್ಮನ್ನು ಕೇಳಬೇಕೆನಿಸಿತು,” ಎಂದ.

ಗುರುಗಳು ಈ ಕತೆ ಹೇಳಿದರು.

ಕಾಫಿ ಬೀಜ ಹಸನುಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ರುಚಿ ನೋಡುವವರು ಇಬ್ಬರಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಬಂದ ಪ್ರತಿ ರಾಶಿಯಿಂದ ಹಿಡಿ ಬೀಜ ಹುರಿದು, ಪುಡಿ ಮಾಡಿ, ಬಟ್ಟಲಿಗೆ ಹಾಕಿ ಬಿಸಿನೀರು ಹೊಯ್ಯುತ್ತಿದ್ದರು. ಒಂದೇ ಮೇಜಿನ ಎದುರುಬದುರು ನಿಂತು, ಚಮಚದಲ್ಲಿ ಸೊರ್ರನೆ ಹೀರಿ ಉಗುಳುತ್ತಿದ್ದರು.

ಆ ಮೇಜಿಗೆ ಒಂದು ಕಟ್ಟಳೆಯಿತ್ತು. ರುಚಿ ನೋಡುವಾಗ ಮಾತಿಲ್ಲ. ಆಮೇಲೆ ಕಿರಿಯ ಮೊದಲು ಹೇಳಬೇಕು, ಹಿರಿಯ ಕೊನೆಗೆ. ಹಿರಿಯನ ಮಾತು ಮೊದಲು ಕಿವಿಗೆ ಬಿದ್ದರೆ ಕಿರಿಯನ ನಾಲಿಗೆ ಅದನ್ನೇ ಒಪ್ಪಿಬಿಡುತ್ತದೆ ಎಂದು ಹಿಂದಿನವರು ಮಾಡಿದ್ದು.

ಇಬ್ಬರ ಮಾತು ಬೇರೆಯಾದರೆ ವಾದ.

“ಏನಣ್ಣ, ಮೂಗನ್ನು ಮನೆಯಲ್ಲೇ ಬಿಟ್ಟು ಬಂದಿರಾ?” ಎಂದು ಕಿರಿಯ.

“ನಿನ್ನ ಮೂಗಿರುವುದು ಕನ್ನಡಕ ಕೂರಿಸುವುದಕ್ಕೆ,” ಎಂದು ಹಿರಿಯ.

ಮತ್ತೆ ಹೊಸ ಬಟ್ಟಲು. ಒಂದೊಂದು ರಾಶಿಗೇ ಬೆಳಗು ಕಳೆಯುತ್ತಿತ್ತು.

ಅಲ್ಲಿಗೆ ಸಾಧನ ರೂಪಿಸುವವನೊಬ್ಬ ಬಂದ. ಹಿರಿಯನ ಪಕ್ಕದಲ್ಲಿ ಬಹಳ ದಿನ ನಿಂತು ನೋಡಿದ. ಕೊನೆಗೆ, “ನಿಮಗೆ ತೊಡಕು ಯಾವುದು?” ಎಂದು ಕೇಳಿದ.

“ಮೊದಲ ಗುಟುಕಿಗೇ ನನಗೆ ತಿಳಿಯುತ್ತದೆ,” ಎಂದ ಹಿರಿಯ. “ಇವನು ಹೇಳುವ ತನಕ ಕಾಯಬೇಕು. ಆಮೇಲೆ ಇವನ ವಾದ ಬೇರೆ. ಬಲ್ಲವನನ್ನು ಯಾರೂ ತಡೆಯಬಾರದು. ಅಂಥದ್ದೊಂದು ಮಾಡಿಕೊಡು.”

ಅವನು ಹಾಗೆಯೇ ಮಾಡಿಕೊಟ್ಟ. ಇಬ್ಬರಿಗೂ ಬೇರೆ ಕೋಣೆ, ಬೇರೆ ಪರದೆ. ಹೀರಿದ ಕೂಡಲೇ ರಾಶಿ ಒಪ್ಪಿಗೆಯೋ ಅಲ್ಲವೋ ಎಂದು ಬೆರಳಲ್ಲಿ ಒತ್ತಿದರಾಯಿತು. ಪರದೆ ಏನನ್ನೂ ಮರುಕೇಳುತ್ತಿರಲಿಲ್ಲ. ಒಬ್ಬ ಒತ್ತಿದ್ದು ಇನ್ನೊಬ್ಬನಿಗೆ ಕಾಣುತ್ತಿರಲಿಲ್ಲ. ಎರಡೂ ಹೊಂದದಿದ್ದರೆ ಹಿರಿಯನದೇ ನಿಲ್ಲುತ್ತಿತ್ತು.

ಸಾಧನ ಚೆನ್ನಾಗಿತ್ತು. ಹಿರಿಯ ಅದನ್ನು ಕಂಡವರ ಮುಂದೆಲ್ಲ ಹೊಗಳಿದ. ಸಂಜೆಯ ತನಕ ಎಳೆಯುತ್ತಿದ್ದ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಮುಗಿದ ಮೇಲೆ ಅವನು ಆ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಗೋಡೆಯಾಚೆ ಕಿರಿಯ ಹೀರುವ ಸದ್ದು ಕೇಳುತ್ತಿತ್ತು.

ಕೆಲವು ಕೊಯ್ಲು ಕಳೆದವು. ಹಿರಿಯ ಒಪ್ಪಿ ಕಳಿಸಿದ ಒಂದು ರಾಶಿ, ಮುಗ್ಗಲು ವಾಸನೆ ಎಂದು ಕೊಂಡವರಿಂದ ಹಿಂದಕ್ಕೆ ಬಂತು. ಅವನು ಅದರಿಂದ ಹೊಸ ಬಟ್ಟಲು ಮಾಡಿ ಹೀರಿದ. ಮುಗ್ಗಲು ಸಿಗಲಿಲ್ಲ. ಇನ್ನೊಮ್ಮೆ ಹೀರಿದ. ಸಿಗಲಿಲ್ಲ. ಬಟ್ಟಲು ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದ. ಆ ಹೊಸ್ತಿಲನ್ನು ಅವನು ದಾಟಿದ್ದು ಅದೇ ಮೊದಲು.

ಕಿರಿಯ ಹೀರಿ ಉಗುಳಿದ. “ಮುಗ್ಗಿದೆ.”

“ಆಗಲೇ ಯಾಕೆ ಹೇಳಲಿಲ್ಲ?”

“ಹೇಳಿದ್ದೆ ಅಣ್ಣ. ಪರದೆಗೆ.”

ಹಿರಿಯ ಬಟ್ಟಲನ್ನು ಕೆಳಗಿಟ್ಟ. “ನನ್ನ ಮೂಗು ಹೋಗಿ ಎಷ್ಟು ಕಾಲವಾಯಿತು?”

“ನನಗೆ ಹೇಗೆ ಗೊತ್ತಾಗಬೇಕು? ನೀವು ಒತ್ತಿದ್ದು ನನಗೂ ಕಾಣುತ್ತಿರಲಿಲ್ಲವಲ್ಲ.”

ಕಿರಿಯ ಮೊದಲಿನಂತೆ ಅವನ ಮೂಗನ್ನು ಹಾಸ್ಯ ಮಾಡಲಿಲ್ಲ. ಚಮಚ ಒರೆಸುತ್ತ ನಿಂತಿದ್ದ.

ಹಿರಿಯ ಕೆಲಸ ಬಿಟ್ಟ. ಸುದ್ದಿ ತಿಳಿದು ಸಾಧನ ಮಾಡಿದವನು ಅವನ ಮನೆಗೆ ಬಂದು, “ಎಲ್ಲಿ ತಪ್ಪಿದೆ ಹೇಳಿ, ತಿದ್ದುತ್ತೇನೆ,” ಎಂದ.

“ತಪ್ಪಿಲ್ಲ,” ಎಂದ ಹಿರಿಯ. “ನಾನು ಕೇಳಿದ್ದೆಲ್ಲ ಅದರಲ್ಲಿದೆ.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಬಲ್ಲವನ ಮಾತನ್ನೇ ಕೇಳಬಾರದೇ?” ಎಂದ ಶಿಷ್ಯ.

ಗುರುಗಳು ಅವನ ಪಕ್ಕದಲ್ಲಿ ಖಾಲಿಯಿದ್ದ ಚಾಪೆಯನ್ನು ನೋಡಿದರು.

“ಭುಜಬಲಿ ಎಲ್ಲಿ?”