ನಡುಗಡ್ಡೆಯ ಬಂದರಿಗೆ ದಾರಿ

ನದಿ ಕಡಲಿಗೆ ಸೇರುವಲ್ಲಿ ಈಶಪ್ಪಯ್ಯನವರ ಆಶ್ರಮ. ಅಲ್ಲಿ ಒಂಬತ್ತು ವರ್ಷ ಕಸ ಗುಡಿಸಿದ ಮಂಕಾಳನಿಗೆ ತಾನೂ ಗುರುವಾಗಬೇಕೆಂಬ ಆಸೆ ಹುಟ್ಟಿತು. ತಪ್ಪೇನಲ್ಲ, ಆದರೆ ಸ್ವಲ್ಪ ಜೋರಾಗಿಯೇ ಹುಟ್ಟಿತ್ತು.

"ಆಚೆ ದಡದಲ್ಲಿ ನಾನೊಂದು ಆಶ್ರಮ ಮಾಡಲೇ? ಶಿಷ್ಯರನ್ನು ಸೇರಿಸಿಕೊಳ್ಳಲೇ?" ಎಂದು ಕೇಳಿದ.

"ಈ ವರ್ಷದ ನಡುಗಡ್ಡೆ ಪ್ರಯಾಣ ನಾಳೆ," ಎಂದರು ಗುರುಗಳು. "ಚುಕ್ಕಾಣಿ ನೀನು ಹಿಡಿ. ನಿನ್ನ ಕಾಲು ಅಲ್ಲಿಯ ಮರಳು ಮುಟ್ಟುವವರೆಗೆ ನಾನು ಬಾಯಿ ಬಿಡುವುದಿಲ್ಲ. ಆಮೇಲೆ ಹೇಳುತ್ತೇನೆ."

ನಡುಗಡ್ಡೆಯ ಬಂದರು ತೀರಾ ಚಿಕ್ಕದು. ಅದರ ಬಾಯಲ್ಲೇ ನೀರಿನಡಿ ಹದಿನಾಲ್ಕು ಬಂಡೆ. ಹಾಗಾಗಿ ಅಲ್ಲೊಂದು ಪದ್ಧತಿ. ಹೊರಗಿನ ದೋಣಿ ಪಟ ಇಳಿಸಿ ನಿಲ್ಲಬೇಕು. ದಾರಿ ತೋರುವ ಹಮ್ಮಣ್ಣ ತನ್ನ ಪುಟ್ಟ ದೋಣಿಯಲ್ಲಿ ಎದುರಿಗೆ ಬರುತ್ತಾನೆ. ಅವನ ಹಿಂದೆ ಒಳಗೆ ಹೋಗಬೇಕು. ಎಂಬತ್ತು ದಾಟಿದ ಮುದುಕ, ಬರುವುದು ನಿಧಾನ.

ಗುರುಗಳ ಜೊತೆ ಎಂಟು ಸಲ ಬಂದಿದ್ದ ಮಂಕಾಳನಿಗೆ ಬಂಡೆಗಳೆಲ್ಲ ಬಾಯಿಪಾಠವಾಗಿದ್ದವು.

ಮರುದಿನ ಬಂದರಿನ ಬಾಯಿಗೆ ಬಂದಾಗ ಮುದುಕನ ದೋಣಿ ದಡ ಬಿಟ್ಟದ್ದು ಅವನಿಗೆ ಕಂಡಿತು. ಆದರೂ ಪಟ ಇಳಿಸಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿ, ಹಮ್ಮಣ್ಣನ ಪಕ್ಕದಲ್ಲೇ ಸರಿದು ಒಳಗೆ ನುಗ್ಗಿದ. ಮುದುಕ ಎತ್ತಿದ ಹುಟ್ಟನ್ನು ಹಾಗೇ ಹಿಡಿದು ನೋಡುತ್ತ ಉಳಿದ.

ದೋಣಿಗೆ ಒಂದು ಗೀರೂ ಬೀಳಲಿಲ್ಲ.

ಮಂಕಾಳ ಮರಳಿಗೆ ಹಾರಿದ. ಇನ್ನು ಗುರುಗಳು ಹೂಂ ಅಂದರೆ ಸಾಕು, ಆಚೆ ದಡ ಅವನದು.

ಅಲ್ಲೇ ಮೀನು ಒಣಹಾಕುತ್ತಿದ್ದ ಹಮ್ಮಣ್ಣನ ಸೊಸೆ ಸುಕ್ರಿ ಎದ್ದು ನಿಂತಳು.

"ಮಾವ ಎಲ್ಲಿ?"

"ಬರ್ತಾ ಇದ್ದಾರೆ, ಹಿಂದೆ."

"ಹಿಂದೆಯಾ?" ಸುಕ್ರಿ ಕಡಲಿನ ಕಡೆ ನೋಡಿದಳು. "ನೀವು ಬರೋ ಹೊತ್ತಾಯ್ತು ಅಂತ ಮೂರು ದಿನದಿಂದ ಆ ಕಲ್ಲಿನ ಮೇಲೇ ಕೂತಿದ್ರು. ಊಟಕ್ಕೆ ಕರೆದ್ರೂ ಏಳ್ಲಿಲ್ಲ."

ಮಂಕಾಳ ದೋಣಿಯ ಹಗ್ಗ ಎಳೆದು ಕಟ್ಟತೊಡಗಿದ.

ಬಹಳ ಹೊತ್ತಿನ ಮೇಲೆ ಪುಟ್ಟ ದೋಣಿ ಬಂತು. ಗುರುಗಳು ಮೊಣಕಾಲು ಮುಳುಗುವಷ್ಟು ನೀರಿಗಿಳಿದು ಅದನ್ನು ಹಿಡಿದುಕೊಂಡರು.

"ಹುಡುಗ ಚೆನ್ನಾಗಿ ನಡೆಸ್ತಾನೆ ಅಯ್ಯಾ," ಎಂದ ಹಮ್ಮಣ್ಣ. "ಇನ್ನು ನಾನು ಬರೋದು ಬೇಕಾಗೋದಿಲ್ಲ."

ಗುರುಗಳು ಅವನ ಕೈಯಿಂದ ಹುಟ್ಟು ತೆಗೆದುಕೊಂಡು, ತೋಳು ಹಿಡಿದು ಇಳಿಸಿದರು.

ಮಂಕಾಳನಿಗೆ ನಾಚಿಕೆಯಾಯಿತು. ಆದರೂ ಆಸೆ ಬಿಡಬೇಕಲ್ಲ.

"ಗುರುಗಳೇ, ನನಗೆ ದಾರಿ ಗೊತ್ತಿತ್ತು. ಗೊತ್ತಿದ್ದವನು ಯಾಕೆ ಕಾಯಬೇಕು?"

"ನನಗೂ ಗೊತ್ತು ಮಂಕಾಳ," ಎಂದರು ಗುರುಗಳು. "ಎರಡನೇ ಸಲ ಬಂದಾಗಲೇ ಗೊತ್ತಾಯಿತು. ಅದಾಗಿ ಮೂವತ್ತು ವರ್ಷ ಇವನ ಹಿಂದೆಯೇ ಬಂದಿದ್ದೇನೆ."