ಬೀದಿ ಒಲೆಯ ಅಪರಾಧ

"ಕೇಳಿರಪ್ಪೋ ಕೇಳಿ! ಹೊಸ ಕಟ್ಟಳೆಗಳ ಮೇಲೆ ತಕರಾರು ಇರುವವರು ಆಸ್ಥಾನಕ್ಕೆ ಬಂದು ದೊರೆಗಳ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದರೆ ಬೇಡಿದ್ದು ಸಿಕ್ಕೀತು, ತಪ್ಪಿದರೆ ತಲೆ ಹೋದೀತು!"

ಕನಕಾವತಿಯ ದೊರೆ ಗಜಸಿಂಹನ ಡಂಗುರ ಇದು. ಕಟ್ಟಳೆ ಹೊರಡಿಸುವುದೆಂದರೆ ಅವನಿಗೆ ಎಲೆಯಡಿಕೆ ಮೆದ್ದಷ್ಟು ಸಲೀಸು. ತಕ್ಕಡಿಯ ತೂಕದ ಕಲ್ಲಿಗೆ ಹೊಸ ಮುದ್ರೆ, ಬಾಡಿಗೆ ಮನೆಗೆ ಹೊಸ ಅಪ್ಪಣೆ, ಕ್ಷೌರದ ಕತ್ತಿಗೂ ಪರವಾನಗಿ. ಥೂ, ಬೆಳಗಾದರೆ ಒಂದು! ಮೊನ್ನೆ ಬೀದಿಯಲ್ಲಿ ಒಲೆ ಹಚ್ಚಬಾರದೆಂದ. ಪಡ್ಡು ಮಾರುವ ಕಾಳವ್ವನನ್ನು ಭಟರು ಎಳೆದೊಯ್ದರು. ಅಮಾವಾಸ್ಯೆಗೆ ಅವಳ ಬಲಗೈ ಕಡಿಯಬೇಕೆಂದು ತೀರ್ಪಾಯಿತು.

ಅವಳ ಮಗ ಸಣ್ಣೀರ ಆಸ್ಥಾನಕ್ಕೆ ಓಡಿದ. ಅವನ ಮುಂದೆ ಇನ್ನಿಬ್ಬರಿದ್ದರು. ದೊರೆ ದಿಂಬಿಗೊರಗಿ ಖರ್ಜೂರ ತಿನ್ನುತ್ತ, "ಕಾಲಿಲ್ಲ, ಬೀಗಕ್ಕೆ ಬಗ್ಗುವುದಿಲ್ಲ, ನನ್ನ ಊರಿನ ಮನೆಮನೆಗೂ ನುಗ್ಗುತ್ತದೆ. ಏನದು?" ಎಂದ.

"ಗಾಳಿ, ಮಹಾಪ್ರಭು," ಎಂದರು ಹೆಂಚಿನ ತೆರಿಗೆಯ ತಕರಾರು ತಂದಿದ್ದ ಪಂಡಿತರು. ಅವರನ್ನು ಹಿತ್ತಿಲಿಗೆ ಒಯ್ದರು. ಕೊಡಲಿಯ ಸದ್ದಾಯಿತು.

"ತಮ್ಮ ಕೀರ್ತಿ, ಮಹಾಪ್ರಭು!" ಎಂದು ಬಟ್ಟೆ ಅಂಗಡಿಯ ಶೆಟ್ಟಿ ಅಡ್ಡಬಿದ್ದ.

"ಬಹಳ ಚೆನ್ನಾಗಿದೆ. ಆದರೆ ತಪ್ಪು," ಎಂದು ದೊರೆ ಬೀಜ ಉಗಿದ. ಶೆಟ್ಟಿಯೂ ಹಿತ್ತಿಲಿಗೆ ಹೋದ. ಆಸ್ಥಾನಿಕರೆಲ್ಲ ಕಿಸಕ್ಕೆಂದು ನಕ್ಕರು. ಸಣ್ಣೀರ ಒಂದು ಹೆಜ್ಜೆ ಮುಂದೆ ಬಂದ.

"ನೀನು ಹೇಳೋ," ಎಂದ ದೊರೆ.

"ನಿಮ್ಮ ಕಟ್ಟಳೆ. ಮುಚ್ಚಿದ ಬಾಗಿಲೊಳಗೂ ಬರ್ತದೆ."

"ಭಲೇ! ಎರಡನೆಯದು: ಒಬ್ಬ ಬಂದರೆ ತಾನಾಗಿ ತೆರೆಯುತ್ತದೆ, ಇನ್ನೊಬ್ಬ ಹಣೆ ಚಚ್ಚಿಕೊಂಡರೂ ಅಲ್ಲಾಡುವುದಿಲ್ಲ. ಏನದು?"

"ನಿಮ್ಮ ಕಚೇರಿ ಬಾಗಿಲು. ಪಲ್ಲಕ್ಕಿಯವರಿಗೆ ತೆರೀತದೆ. ನಾನು ನಿನ್ನೆ ಬೆಳಗಿಂದ ಸಂಜೆ ತನಕ ಅಲ್ಲೇ ನಿಂತಿದ್ದೆ."

ಇದೂ ಸರಿಯೇ. ತಾನು ಮಾಡಿದ ಹೊಲಸು ದೊರೆಗೆ ಗೊತ್ತಿಲ್ಲದ್ದೇನಲ್ಲ ನೋಡಿ. ಗೊತ್ತಿದ್ದೂ ಅದನ್ನೇ ಒಗಟು ಕಟ್ಟಿ ನಗುತ್ತಿದ್ದ, ಲಜ್ಜೆಗೆಟ್ಟವನು!

"ಕೊನೆಯದು," ಎಂದ ದೊರೆ. "ಮಲಗುವಾಗ ಇರಲಿಲ್ಲ, ಏಳುವಾಗ ತಲೆ ಮೇಲೆ ಕೂತಿತ್ತು. ಏನದು?"

ಮಂಜು ಎನ್ನಲು ಬಾಯಿ ತೆರೆದ ಸಣ್ಣೀರ, ಅವ್ವನ ಕೈ ನೆನಪಾಗಿ ತಡೆದ.

"ಅಪರಾಧ!" ಎಂದ. "ನಮ್ಮವ್ವ ಸಂಜೆ ಒಲೆ ಹಚ್ಚಿ, ಪಡ್ಡು ಮಾರಿ ಮಲಗಿದಳು. ಆಗ ಅದು ತಪ್ಪಲ್ಲ. ರಾತ್ರಿ ನೀವು ಕಟ್ಟಳೆ ಮಾಡಿದ್ರಿ. ಡಂಗುರ ಅರಮನೆ ಮುಂದೆ ಶುರುವಾಗಿ ನಮ್ಮ ಕೇರಿಗೆ ಬರೋದು ಮಧ್ಯಾಹ್ನ. ಭಟರು ಬಂದದ್ದು ಬೆಳಗ್ಗೆ. ಒಲೆ ಬೂದಿ ಇನ್ನೂ ಬೆಚ್ಚಗಿತ್ತಂತೆ, ಅದೇ ಸಾಕ್ಷಿಯಂತೆ!"

ಯಾರೂ ನಗಲಿಲ್ಲ.

"ಗೆದ್ದೆ. ಅರ್ಧ ರಾಜ್ಯ ಬೇಕೋ, ಮಗಳು ಬೇಕೋ?" ಎಂದು ದೊರೆ ಮುಖ ಗಂಟಿಕ್ಕಿದ.

"ನಿಮ್ಮ ರಾಜ್ಯ ಮುಟ್ಟಿದ್ರೆ ಕೈ ತೊಳ್ಕೋಬೇಕು. ನಮ್ಮವ್ವನ್ನ ಬಿಡಿ."

ಕಾಳವ್ವನನ್ನು ಕರೆತಂದರು. ಎರಡೂ ಕೈ ನೆಟ್ಟಗಿದ್ದವು. ಮಗನನ್ನು ತಬ್ಬಿ ಅತ್ತು, ಕಣ್ಣೊರೆಸಿಕೊಂಡು, "ಹಿಟ್ಟು ಹುಳಿ ಬಂದಿರ್ತದೆ ಮಗಾ. ಇವತ್ತು ಒಲೆ ಹಚ್ಚಬಹುದಾ ಅಂತ ಇವರನ್ನೇ ಕೇಳಿಬಿಡು," ಎಂದಳು.

ಸಣ್ಣೀರ ದೊರೆಯ ಮುಖ ನೋಡಿದ. ದೊರೆ ಮಂತ್ರಿಯ ಮುಖ ನೋಡಿದ. ಮಂತ್ರಿ ತಲೆ ಕೆರೆದುಕೊಂಡು, "ಇವತ್ತಿನ ಕಟ್ಟಳೆ ಏನು ಅಂತ ನನಗೂ ಇನ್ನೂ ತಿಳಿದಿಲ್ಲ, ಪ್ರಭು," ಎಂದ.

"ನಡಿಯವ್ವ," ಎಂದು ಸಣ್ಣೀರ ಅವಳ ಕೈ ಹಿಡಿದ. "ಗಡಿಯಾಚೆ ಎಲ್ಲಾದರೂ ಒಲೆ ಹೂಡೋಣ."