ಕತ್ತರಿ ತಿದ್ದಿದ ನಕ್ಷತ್ರ

ಹೊಲಿಗೆಯ ಫ್ಲೋರಿನಮ್ಮನ ಸಣ್ಣ ಕತ್ತರಿಗೆ ತಪ್ಪು ಕಂಡರೆ ಸುಮ್ಮನಿದ್ದು ಗೊತ್ತಿರಲಿಲ್ಲ. ಕ್ರಿಸ್ಮಸ್ ಹತ್ತಿರ ಬಂದಾಗ ಅದು ಅವರ ಪುಟ್ಟ ಮೊಮ್ಮಗಳು ರೆನಿಟಾಳ ಕೈಗೆ ಸಿಕ್ಕಿತು. ಬಾಲಯೇಸುವನ್ನು ಮಲಗಿಸುವ ಗೋದಲಿಯ ಮೇಲೆ ಕಟ್ಟಲೆಂದು ಅವಳು ಹಳದಿ ಕಾಗದದಲ್ಲಿ ಒಂದು ನಕ್ಷತ್ರ ಕತ್ತರಿಸಿದಳು. ಅದರ ಒಂದು ಮೂಲೆ ಉದ್ದವಾಯಿತು, ಇನ್ನೊಂದು ಮೊಂಡಾಯಿತು.

"ಛೆ! ಇದನ್ನು ನೋಡಿದವರು ನನ್ನನ್ನೇ ಆಡಿಕೊಳ್ಳುತ್ತಾರೆ. ಆ ಉದ್ದದ ಮೂಲೆ ತೆಗೆಯೋಣ," ಎಂದಿತು ಕತ್ತರಿ.

ರೆನಿಟಾ ಒಪ್ಪಿದಳು. ಅದನ್ನು ತೆಗೆದಾಗ ಪಕ್ಕದ್ದು ಉದ್ದ ಕಂಡಿತು. ಅದನ್ನೂ ತೆಗೆದರು. ಹೀಗೆ ತಿದ್ದುತ್ತಾ ತಿದ್ದುತ್ತಾ ನಕ್ಷತ್ರ ಅಂಗಿಯ ಗುಂಡಿಯಷ್ಟಾಯಿತು.

"ಈಗ ನೋಡು, ಎಷ್ಟು ಸರಿಯಾಗಿದೆ!" ಎಂದು ಕತ್ತರಿ ಬೀಗಿತು.

"ಸರಿ, ಆದರೆ ನನ್ನ ನಕ್ಷತ್ರ ಎಲ್ಲಿ?" ಎಂದು ರೆನಿಟಾ ಅಳತೊಡಗಿದಳು.

ಬಟ್ಟಲಿನಲ್ಲಿದ್ದ ಮೈದಾ ಅಂಟು ಮೆಲ್ಲಗೆ, "ಅಳಬೇಡ ಮಗಳೇ, ಬಿದ್ದ ಚೂರುಗಳನ್ನೆಲ್ಲ ಇತ್ತ ತಾ," ಎಂದಿತು.

ರೆನಿಟಾ ಮೂಗೊರೆಸಿಕೊಂಡು, ಚೂರುಗಳನ್ನು ಗುಂಡಿಯಷ್ಟಾಗಿದ್ದ ನಕ್ಷತ್ರದ ಸುತ್ತ ಮನಸ್ಸಿಗೆ ಬಂದಂತೆ ಅಂಟಿಸಿದಳು. ನಕ್ಷತ್ರ ಅತ್ತಿತ್ತ ಚಾಚಿಕೊಂಡು ಅಂಗೈಗಿಂತಲೂ ದೊಡ್ಡದಾಯಿತು.

ಫ್ಲೋರಿನಮ್ಮ ಬಂದು ನೋಡಿ, "ಅಬ್ಬಾ, ಎಷ್ಟೊಂದು ಕಿರಣ ಮಾರಾಯ್ತಿ! ಇದು ಬೆಳಗಿಯೇ ಬೆಳಗುತ್ತದೆ," ಎಂದು ಅದನ್ನು ಗೋದಲಿಯ ಮೇಲೆ ಕಟ್ಟಿದರು.

ರೆನಿಟಾ ಮತ್ತೊಂದು ಕಾಗದ ತಂದಳು.

"ಇದನ್ನು ಹೇಗೆ ಕತ್ತರಿಸೋಣ ಮಗೂ?" ಎಂದು ಕತ್ತರಿ ಕೇಳಿತು.

"ನನ್ನ ಕೈ ಹೋದ ಹಾಗೆ."

"ಆಗಲಿ," ಎಂದ ಕತ್ತರಿ, ಆ ಪುಟ್ಟ ಕೈ ಕರೆದೊಯ್ದತ್ತ ಹಾಯಾಗಿ ಸಾಗಿತು.